ಸಹನಾಮೂರ್ತಿ ಕೊಟ್ರವ್ವನ ಸಿಟ್ಟು

ಕೊಟ್ರವ್ವನಿಗೆ ಮೂಗಿನ ತುದಿಯಲ್ಲೇ ಕೋಪ. ಇದು ಆಕೆಯ ಊರು ಸಾರಥಿಯ ಓಣಿಗೂ ಗೊತ್ತು, ಆಕೆ ಮೊರ ಹಿಡಿದು ಕಾಳು ಹಸನು ಮಾಡುತ್ತಾ ಮಗನನ್ನು ಸಾಕಿದ ದಾವಣಗೆರೆಯ ಮಂಡಿಪೇಟೆಗೂ ಗೊತ್ತು. ಆ ಮಗ ನಿಂಗರಾಜ್ ಈಗ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವ್ವನ ಮೇಲೆ ಪುಸ್ತಕ ಬರೆದಿದ್ದ. ಹೊಸದಾಗಿ ಬರೆಯುವವರಿಗೆ ಇದೊಂದು ರೋಗ. ಅವ್ವನ ವಿಷಯ ಬಂದರೆ ಪೆನ್ನು ಬರೆಯುವುದು ಬಿಟ್ಟು ಕೈ ಮುಗಿಯುತ್ತದೆ.

ಅವನ ಬರಹ ತಿದ್ದಿಕೊಡುವ ಹರಿಹರದ ನೇತ್ರಾವತಿ ಮೇಡಂ ಹೇಳಿದ್ದರು: "ಅಚ್ಚಿಗೆ ಕೊಡೋ ಮೊದ್ಲು ಜೋರಾಗಿ ಓದ್ರಿ. ಯಾರ ಬಗ್ಗೆ ಬರ್ದೀರೋ ಅವ್ರ ಮುಂದೇನೇ ಓದ್ರಿ."

ಭಾನುವಾರ ಓದಲು ಕೂತ. ಕೊಟ್ರವ್ವ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದಳು. "ಸಹನಾಮೂರ್ತಿ" ಬಂತು, ಇನ್ನೊಂದು ಎಸಳು ಸುಲಿದಳು. "ತ್ಯಾಗಮಯಿ" ಬಂತು. "ಎಂದೂ ಯಾರಿಗೂ ಎದುರಾಡದ ಮಹಾತಾಯಿ" ಬಂದಾಗ ತಟ್ಟೆಯನ್ನು ಆಚೆ ತಳ್ಳಿದಳು.

"ನಾನೇನು ಸತ್ತೀನೇನಲೇ? ಶಿವಗಣಾರಾಧನೆ ಕಾರ್ಡು ಓದಿದಂಗೆ ಐತೆ. ಆ ಮಂಡಿ ಸಾಹುಕಾರನ ಸುದ್ದಿ ಎಲ್ಲೈತೆ?"

ಒಂದು ಸಾಲಿತ್ತು. ನಿಂಗರಾಜ್ ತಗ್ಗಿದ ದನಿಯಲ್ಲಿ ಓದಿದ: "ದಯಾಳು ಸಾಹುಕಾರರ ಆಶ್ರಯದಲ್ಲಿ ದುಡಿದರು."

ಕೊಟ್ರವ್ವನಿಗೆ ಮೈಯೆಲ್ಲ ಉರಿಯಿತು. ಅಳುವ ಕೂಸಿಗೆ ಹಾಲು ಕುಡಿಸುತ್ತಾ ಕೂತವಳಿಗೆ, "ಇದೇನು ಬಾಣಂತಿ ಕೋಣೆನಾ?" ಎಂದು ಬೈದು, ಕೂಸು ಮಲಗಿಸುವ ಗೋಣಿತಾಟನ್ನು ರಸ್ತೆಗೆ ಒದ್ದವನು ಈ ದಯಾಳು. ಆಕೆ ಕೂಸನ್ನು ಕಂಕುಳಿಗೇರಿಸಿಕೊಂಡು ಎದ್ದು, ಮೊರದಲ್ಲಿದ್ದ ಹೊಟ್ಟು, ಕಲ್ಲು, ಮಣ್ಣನ್ನೆಲ್ಲ ಅವನ ತಲೆಯ ಮೇಲೆ ಸುರಿದಿದ್ದಳು. ಇಡೀ ಬೀದಿ ನೋಡಿತ್ತು. ಆಮೇಲೆ ಬಹಳ ದಿನ ಅಲ್ಲಿ ಯಾರೂ ಕೆಲಸ ಕೊಡಲಿಲ್ಲ, ಹರಿಹರದವರೆಗೂ ಅಲೆದಳು. ಆದರೂ ಬದುಕಿನಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದರೆ ಅದನ್ನೇ ಹೇಳುತ್ತಿದ್ದಳು. ಮಗನಿಗೂ ಹೇಳುತ್ತಲೇ ಬೆಳೆಸಿದ್ದಳು.

"ಸಾಹುಕಾರ್ರೇ ಪುಸ್ತಕ ಬಿಡುಗಡೆ ಮಾಡ್ತಾರವ್ವ," ಎಂದ ನಿಂಗರಾಜ್. "ಕಾರ್ಡೂ ಅಚ್ಚಾಗೈತೆ. ಆ ಸುದ್ದಿ ಒಂದು ಬ್ಯಾಡ."

"ಕಾಳು ಚೆಲ್ಲಿ ಜೊಳ್ಳು ಇಟ್ಕಂಡೀಯಲ್ಲೋ. ಮೂರ್ತಿ, ಮಯಿ ಎಲ್ಲ ಹೊಡದಾಕು. ನಾನು ಏನು ಮಾಡ್ದೆ ಅದನ್ನ ಬರಿ. ಆಗಲ್ಲ ಅಂದ್ರೆ ನನ್ನ ಹೆಸರು ತೆಗಿ."

"ಅವ್ರ ಮುಂದೆ ಹೆಂಗೆ ತಲೆ ಎತ್ಲಿ?"

"ಅವತ್ತು ನನ್ನ ಕಂಕುಳಾಗೆ ತಲೆ ಎತ್ಕಂಡೇ ಇದ್ದೆ. ಆ ಕೂಸು ನೀನೇ ಅಲ್ಲೇನಲೇ?"

ನಿಂಗರಾಜ್ ಪೆನ್ನು ತೆಗೆದ. ಮೊದಲ ಪುಟಗಳ ಮೇಲೆ ಅಡ್ಡಗೆರೆ ಎಳೆದು, ಹೊಸ ಹಾಳೆ ತೆಗೆದು ಬರೆದ. ಜೋರಾಗಿ ಓದಿದ.

"ಅವನ ಮೀಸಿ ಬರಿಯೋದು ಬಿಟ್ಟೀದಿ," ಎಂದಳು ಕೊಟ್ರವ್ವ. "ಮೀಸಿ ತುಂಬ ಹೊಟ್ಟು ಹತ್ತಿತ್ತು."

ಮೀಸೆಯನ್ನೂ ಸೇರಿಸಿದ. ಆಮೇಲೆ ಫೋನ್ ಕೈಗೆತ್ತಿಕೊಂಡು, "ಸಾಹುಕಾರ್ರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡ್ತೀನಿ," ಎಂದ.

ಕೊಟ್ರವ್ವ ಬೆಳ್ಳುಳ್ಳಿ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು.

"ಯಾಕ? ಬರ್ಲಿ. ಮುಂದಿನ ಸಾಲಿನಾಗೆ ಕೂಡ್ರಿಸು. ಈ ಪುಟ ನೀನೇ ನಿಂತು ಓದು."