ಚಿಕ್ಕಪ್ಪ ಮತ್ತು ಬಾಗಿಲ ಬೋರ್ಡು

ಇವತ್ತು ಬೆಳಿಗ್ಗೆ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆ ಮುಂದೆ, ನಿನ್ನೆಯ ಮಳೆನೀರು ನಮ್ಮ ಬೂಟಿನ ಗುರುತುಗಳಲ್ಲೇ ಗಾಜಿನಂತೆ ಹೆಪ್ಪುಗಟ್ಟಿತ್ತು. ನಾವು ಹೊರಟಿದ್ದ ಸ್ಕೀ ಬೆಟ್ಟದಲ್ಲೂ ಹೀಗೇ ಇರುತ್ತದೆ ಎಂದುಕೊಂಡೆ, ಹೇಳಲಿಲ್ಲ. ಸ್ನೇಹಿತರೇ, ಚಿಕ್ಕಪ್ಪನಿಗೆ ಹೇಳುವುದು ಹೇಗೆ? ಅವರು ನಾಲ್ಕು ಸಲ ಸ್ಕೀಯಿಂಗ್ ಮಾಡಿದವರು.

ಬೆಟ್ಟ ತಲುಪಿದರೆ, ಬಾಗಿಲಲ್ಲೇ ಆಳೆತ್ತರದ ಬೋರ್ಡು: ಮೇಲಿನ ಇಳಿಜಾರುಗಳಲ್ಲಿ ಬರೀ ಐಸ್, ಹೊಸಬರು ಹೋಗಬೇಡಿ. ಚಿಕ್ಕಮ್ಮನಿಗೆ ಇದು ಮೊದಲ ದಿನ, ಹೊಸಬರ ಕ್ಲಾಸಿಗೆ ಸೇರುವ ಆಸೆ.

"ಕ್ಲಾಸ್ ಯಾಕೆ, ನಾನಿಲ್ವಾ? ಆ ಬೋರ್ಡೆಲ್ಲಾ ಕೇಸ್ ಹಾಕೋ ಲಾಯರ್‌ಗಳಿಗೋಸ್ಕರ ಕಣೇ. ಮೇಲೆ ಸ್ನೋ ಬೆಣ್ಣೆ ಥರ ಇರುತ್ತೆ," ಎಂದರು ಚಿಕ್ಕಪ್ಪ.

ಲಿಫ್ಟಿನಲ್ಲಿ ಮೂವರೂ ಮೇಲೆ ಹೋದೆವು. ಬೆಣ್ಣೆ ಇರಲಿಲ್ಲ. ಸ್ಕೀ ಎಳೆದರೆ, ಕಾಯಿ ಮುಗಿದ ಮೇಲೂ ಚಿಪ್ಪನ್ನೇ ತುರಿದಂಥ ಸದ್ದು. "ನೋಡ್ಕೋ, ಹೀಗೆ!" ಎಂದು ಹೊರಟ ಚಿಕ್ಕಪ್ಪ ಹತ್ತು ಗಜದಲ್ಲೇ ಕುಳಿತರು. ಉಳಿದ ಬೆಟ್ಟವನ್ನು ಕುಳಿತೇ ಇಳಿದರು. ಚಿಕ್ಕಮ್ಮ ಸ್ಕೀ ಬಿಚ್ಚಿ, ನನ್ನ ಕೈ ಹಿಡಿದು, ಅಂಚಿನ ಒಣಹುಲ್ಲಿನ ಮೇಲೆ ನಡೆದಿಳಿದರು. "ಇದೆಲ್ಲ ನನ್ನ ಕೈಲಾಗಲ್ಲ ಬಿಡೇ," ಎಂದರು.

ಕೆಳಗೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಪುಳಿಯೋಗರೆ ಡಬ್ಬಿ ತೆರೆದಾಗ ಚಿಕ್ಕಪ್ಪ ಸಿಡುಕಿದರು: "ಇಷ್ಟು ಐಸ್ ಇದೆ ಅಂತ ಒಂದು ಬೋರ್ಡ್ ಹಾಕೋಕಾಗಲ್ವಾ ಇವರಿಗೆ?"

ಬೋರ್ಡು ಅವರ ತಲೆಯ ಹಿಂದೆಯೇ ಇತ್ತು.

ಮುಂದಿನ ಶನಿವಾರದ ಹೊಸಬರ ಕ್ಲಾಸಿಗೆ ಎರಡು ಹೆಸರು ಬರೆಸುತ್ತೇನೆ, ಚಿಕ್ಕಮ್ಮನದು ಮತ್ತು ನನ್ನದು. ಕಾರು ನಾನೇ ಓಡಿಸುತ್ತೇನೆ. ಚಿಕ್ಕಪ್ಪನನ್ನು ಕರೆಯುವುದಿಲ್ಲ, ಪಾಪ, ಅವರು ಅನುಭವಸ್ಥರು.