ಕಾಫಿ ಆರಿತು, ಬಟ್ಟೆ ಆರಿತು

೧೯೭೪ರಲ್ಲಿ ನಾನು ಕಾಮಾಕ್ಷಿಪಾಳ್ಯದ ಒಂದು ಖಾಸಗಿ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನದ ಮಿಸ್ ಆಗಿದ್ದೆ. ಕೆಲಸ ಟೆಂಪರರಿ. ಆ ವರ್ಷದ ಇನ್ಸ್‌ಪೆಕ್ಷನ್ನಿನ ವರದಿ ನೋಡಿಕೊಂಡು ನನ್ನನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಆಡಳಿತ ಮಂಡಳಿ ತೀರ್ಮಾನಿಸುವುದಿತ್ತು. ಅಪ್ಪ ಹಾಸಿಗೆ ಹಿಡಿದಿದ್ದರು, ತಮ್ಮಂದಿರು ಇನ್ನೂ ಓದುತ್ತಿದ್ದರು. ಕೆಲಸ ಹೋದರೆ ಏನು ಗತಿ ಎಂಬ ಚಿಂತೆ ದಿನಾ ಬೆಳಗ್ಗೆ ಹೊಸಹಳ್ಳಿಯಿಂದ ನನ್ನ ಜೊತೆಗೇ ನಡೆದು ಬರುತ್ತಿತ್ತು.

ಇಷ್ಟು ಪುಕ್ಕಲಿಯಾದ ನಾನು ಅದೇ ವರ್ಷ ಒಂದು ಅಧಿಕಪ್ರಸಂಗ ಮಾಡಿದ್ದೆ. ನೋಟ್ಸ್ ಬರೆಸುವುದನ್ನು ನಿಲ್ಲಿಸಿಬಿಟ್ಟಿದ್ದೆ. ಆಗ ವಿಜ್ಞಾನ ಪಾಠವೆಂದರೆ ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು ಉರು ಹೊಡೆಯುವುದು. ‘ಬಾಷ್ಪೀಕರಣ’ ಎಂದು ಒಂದೂ ತಪ್ಪಿಲ್ಲದೆ ಬರೆಯುತ್ತಿದ್ದ ಮಕ್ಕಳಿಗೆ, ಅದು ನೀರು ಆವಿಯಾಗಿ ಹೋಗುವುದರ ಹೆಸರು ಎಂದೇ ಗೊತ್ತಿರುತ್ತಿರಲಿಲ್ಲ. ನನ್ನ ಎಂಟನೇ ಕ್ಲಾಸಿನಲ್ಲಿ ಮಕ್ಕಳೇ ಪಾಠವನ್ನು ಗಟ್ಟಿಯಾಗಿ ಓದಬೇಕಿತ್ತು. ಆಮೇಲೆ ಪುಸ್ತಕ ಮುಚ್ಚಿ ಪಕ್ಕದವರಿಗೆ ಹೇಳಿ, ಕೊನೆಗೆ ತಮ್ಮ ಮಾತಿನಲ್ಲಿ ಬರೆಯಬೇಕಿತ್ತು. ನಲವತ್ತೆರಡು ಮಕ್ಕಳು, ನಲವತ್ತೆರಡು ಬಗೆಯ ನೋಟ್‌ಬುಕ್ಕು.

ಹೆಡ್‌ಮಾಸ್ಟರು ಅವನ್ನು ನೋಡಿ ತಲೆ ಮೇಲೆ ಕೈ ಹೊತ್ತರು.

“ಇನ್ಸ್‌ಪೆಕ್ಟರು ಮೊದಲು ಕೇಳೋದೇ ನೋಟ್ಸು ಕಣಮ್ಮ. ಇದನ್ನ ಹ್ಯಾಗೆ ತೋರಿಸ್ಲಿ?”

ಇನ್ಸ್‌ಪೆಕ್ಷನ್ನಿಗೆ ಹದಿನೈದು ದಿನವಿತ್ತು. ಎಲ್ಲರಿಗೂ ಒಂದೇ ನೋಟ್ಸ್ ಬರೆಸಿ ಬಚಾವಾಗೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ, ಕ್ಲಾಸಿಗೆ ಹೋದ ಮೇಲೆ ಸುಮ್ಮನಾಗುತ್ತಿದ್ದೆ. ಧೈರ್ಯವೇನಲ್ಲ. ಮಕ್ಕಳು ಆಗಷ್ಟೇ ಬಾಯಿ ಬಿಡಲು ಶುರು ಮಾಡಿದ್ದರು, ಮುಚ್ಚಿಸಲು ಮನಸ್ಸು ಬರಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ.

ಬಾಯಿ ಬಿಡದೆ ಉಳಿದವಳು ಜಯಮ್ಮ ಒಬ್ಬಳೇ, ಸುಂಕದಕಟ್ಟೆಯ ರೈತರ ಮನೆಯ ಹುಡುಗಿ. ಬಾಷ್ಪೀಕರಣಕ್ಕೆ ಉದಾಹರಣೆ ಕೇಳಿದ್ದಕ್ಕೆ ‘ಕಾಫಿ ಆರುವುದು’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ‘ತಪ್ಪು, ಬಟ್ಟೆ ಆರುವುದು’ ಎಂದು ಬರೆದೆ. ಇಡೀ ಕ್ಲಾಸಿಗೂ ವಿವರಿಸಿದೆ. ನಮ್ಮ ಮಾತಿನಲ್ಲಿ ಬಟ್ಟೆಯೂ ಆರುತ್ತದೆ, ಕಾಫಿಯೂ ಆರುತ್ತದೆ, ದೀಪವೂ ಆರುತ್ತದೆ. ಆದರೆ ಬಟ್ಟೆಯಿಂದ ಹೋಗುವುದು ನೀರು, ಕಾಫಿಯಿಂದ ಹೋಗುವುದು ಬರೀ ಬಿಸಿ. ಮಾತು ಒಂದಾದ ಮಾತ್ರಕ್ಕೆ ವಿಜ್ಞಾನ ಒಂದಾಗುವುದಿಲ್ಲ ಎಂದೆ. ಭಾರೀ ಪಾಠ ಮಾಡಿದೆ ಎಂದು ಒಳಗೊಳಗೇ ಬೀಗಿದೆ. ಜಯಮ್ಮ ತಲೆ ತಗ್ಗಿಸಿ ಕೂತಿದ್ದಳು.

ಇನ್ಸ್‌ಪೆಕ್ಟರು ಬಂದವರೇ ಹಿಂದಿನ ಬೆಂಚಿನಲ್ಲಿ ಕೂತು, ಕೈಗೆ ಸಿಕ್ಕ ನೋಟ್‌ಬುಕ್ ಎತ್ತಿಕೊಂಡರು. ನನ್ನ ಗ್ರಹಚಾರಕ್ಕೆ ಅದು ಜಯಮ್ಮನದೇ. ಕೆಂಪು ಗೆರೆ ನೋಡಿ, ಇದು ಯಾಕೆ ತಪ್ಪು ಹೇಳು ಎಂದು ಅವಳನ್ನೇ ಕೇಳಿದರು. ಹುಡುಗಿ ಎದ್ದು ನಿಂತಳು. ಬಾಗಿಲಲ್ಲಿ ಹೆಡ್‌ಮಾಸ್ಟರು ಟವೆಲಿನಿಂದ ಮುಖ ಒರೆಸಿಕೊಂಡರು. ಇವಳು ಈಗ ಅತ್ತುಬಿಟ್ಟರೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

“ಮಿಸ್ಸು ಹೇಳಿದ್ದು ಅರ್ಧ ತಪ್ಪು ಸಾರ್,” ಎಂದಳು ಜಯಮ್ಮ.

ಮನೆಯಲ್ಲಿ ಎರಡು ಲೋಟಕ್ಕೆ ಬಿಸಿ ಕಾಫಿ ಹಾಕಿ, ಒಂದಕ್ಕೆ ತಟ್ಟೆ ಮುಚ್ಚಿ ನೋಡಿದ್ದಳಂತೆ. ತೆರೆದಿಟ್ಟದ್ದು ಬೇಗ ಆರಿತು. ಮುಚ್ಚಿದ್ದು ಬಿಸಿಯಾಗೇ ಇತ್ತು, ತಟ್ಟೆಯ ಒಳಗಡೆ ನೀರಿನ ಹನಿ ಕೂತಿತ್ತು.

“ಕಾಪಿಯಿಂದ್ಲೂ ನೀರು ಹೋಯ್ತದೆ ಸಾರ್. ಹೋಗ್ವಾಗ ಬಿಸೀನೂ ತಕ್ಕೊಂಡೇ ಹೋಯ್ತದೆ.”

ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ ಎಂಬುದು ನಾನು ಬಿ.ಎಸ್ಸಿ.ಯಲ್ಲಿ ಓದಿ ಪಾಸಾದ ವಿಷಯ. ‘ಸಾಕು ಕೂತ್ಕೋ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಇನ್ಸ್‌ಪೆಕ್ಟರು ಬಹುಶಃ ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಆದರೆ ಆ ಹುಡುಗಿ ವರ್ಷವೆಲ್ಲ ಕೂಡಿಟ್ಟುಕೊಂಡ ಮೊದಲ ಮಾತು ಅದು.

“ಅವಳು ಹೇಳಿದ್ದೇ ಸರಿ ಸಾರ್. ಹೊಡೆದುಹಾಕಿದ್ದು ನನ್ನ ತಪ್ಪು,” ಎಂದೆ.

ಇನ್ಸ್‌ಪೆಕ್ಟರು ನೋಟ್‌ಬುಕ್ ಮುಚ್ಚಿ ಜಯಮ್ಮನ ಕೈಗೆ ಕೊಟ್ಟರು. ಸಂಜೆ ಹೊರಡುವ ಮುಂಚೆ ನನ್ನನ್ನು ಆಫೀಸಿಗೆ ಕರೆಸಿದರು. ಆ ಹುಡುಗಿ ಮಾತಾಡುವಾಗ ನಿಮಗೆ ಹೆದರಿಕೆ ಆಯಿತೇ ಎಂದು ಕೇಳಿದರು. ತುಂಬಾ ಆಯಿತು ಎಂದು ಒಪ್ಪಿಕೊಂಡೆ.

“ಅವಳಿಗೆ ಆಗ್ಲಿಲ್ಲ ನೋಡಿ,” ಎಂದು ಕೊಡೆ ಎತ್ತಿಕೊಂಡು ಹೊರಟರು.

ವರದಿಯಲ್ಲಿ ನನ್ನ ಬಗ್ಗೆ ಇದ್ದದ್ದು ಒಂದೇ ಸಾಲು: ‘ನೋಟ್ಸ್ ಏಕರೂಪವಾಗಿಲ್ಲ, ಮುಂದುವರಿಸಬಹುದು.’ ಮುಂದುವರಿಸಬೇಕಾದದ್ದು ನನ್ನನ್ನೋ ನೋಟ್ಸನ್ನೋ ಎಂದು ಹೆಡ್‌ಮಾಸ್ಟರು ತಲೆ ಕೆರೆದುಕೊಂಡರು. ಮಂಡಳಿ ಎರಡನ್ನೂ ಮುಂದುವರಿಸಿತು.

ಅದೇ ಶಾಲೆಯಲ್ಲಿ ನಿವೃತ್ತಳಾದೆ. ತಪ್ಪು ಉತ್ತರ ಕಂಡಾಗ ಗೆರೆ ಎಳೆಯುವ ಮೊದಲು ಮಗುವನ್ನು ಎಬ್ಬಿಸಿ, ಯಾಕೆ ಹೀಗೆ ಬರೆದೆ ಎಂದು ಕೇಳುವುದನ್ನು ಕೆಲಸ ನನಗೆ ಕಲಿಸಿತು. ಕೇಳಿದಾಗಲೆಲ್ಲ ಎದೆ ಡವಡವ ಅನ್ನುವುದು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. ಮಗುವೇ ಸರಿಯಿದ್ದು ನಾನೇ ತಪ್ಪಾಗಿರಬಹುದಲ್ಲ.