ದೊರೆ ಬಿಗಿದ ನಟ್ಟು

ಬಿಳಿ ದೊರೆ ಎಸ್ಟೇಟು ಬಿಟ್ಟುಹೋದ ಮೇಲೆ ಅವನ ಇಂಗ್ಲಿಷ್ ಕಾರಿನ ಒಂದು ನಟ್ಟನ್ನೂ ಯಾರೂ ಮುಟ್ಟಿಲ್ಲ ಎಂದು ನೀಲಗಿರಿಯ ಎಮರಾಲ್ಡ್ ಊರಿನ ಹತ್ತಿರದ ಆ ಹಟ್ಟಿಯಲ್ಲಿ ಎಲ್ಲರೂ ನಂಬಿದ್ದರು.

ದೊರೆಯಿಂದ ಕಾರು ಕೊಂಡವರು ನಂಜನ್ ಅವರ ತಾತ. ಊಟಿಯಲ್ಲಿ ನಡೆಯಲಿದ್ದ ಹಳೆ ಕಾರುಗಳ ಪ್ರದರ್ಶನದಲ್ಲಿ ನಂಜನ್ ಅದನ್ನು ‘ಯಾರೂ ಬಿಚ್ಚದ ಕಾರು’ಗಳ ಸಾಲಿಗೆ ಸೇರಿಸಿದ್ದರು. ನೋಡಲು ಹೋಗುವ ಹಟ್ಟಿಯವರಿಗೆ ವ್ಯಾನನ್ನೂ ಗೊತ್ತುಮಾಡಿದ್ದಾಗಿತ್ತು. ಬಾಗಿಲಿನ ಕ್ರೋಮ್ ಪಟ್ಟಿ ತೆಗೆದು, ಅದರ ಹಿಂದಿನ ತುಕ್ಕು ಉಜ್ಜಿ, ಅದೇ ನಟ್ಟುಗಳಿಂದ ಮತ್ತೆ ಕೂರಿಸುವುದು ಮೆಕ್ಯಾನಿಕ್ ಆದ ನನ್ನ ಕೆಲಸ.

“ನಟ್ಟು ತುಂಡಾದರೆ?” ನಂಜನ್ ಕೇಳಿದರು.

“ಬೇರೆ ಹಾಕಬೇಕು.”

“ಬೇರೆ ಹಾಕಿದರೆ ಅದು ದೊರೆ ಕಾರಲ್ಲ, ಸಾರ್.”

“ನಮ್ಮ ಮದುವೆ ದಿನವೂ ಇವರು ಇಷ್ಟು ಬೆವರಿರಲಿಲ್ಲ,” ಎಂದರು ಜಗಲಿಯಲ್ಲಿದ್ದ ಅವರ ಹೆಂಡತಿ. ನಂಜನ್ ನಗಲಿಲ್ಲ. ನನಗೂ ನಗು ಬರಲಿಲ್ಲ.

ಆ ಕಾಲದ ಇಂಗ್ಲಿಷ್ ಕಾರುಗಳ ನಟ್ಟುಗಳು ಇಂಚಿನ ಅಳತೆಯವು, ನಮ್ಮ ಮಿಲಿಮೀಟರ್ ಸ್ಪ್ಯಾನರ್ ಅವಕ್ಕೆ ಸರಿಹೊಂದದು. ಅದಕ್ಕೇ ಇಂಚಿನ ಸೆಟ್ಟು ಎರವಲು ತಂದಿದ್ದೆ. ಬಾಗಿಲಿನ ಒಳಗೆ ಕೈ ಹಾಕಿ ಮೊದಲ ನಟ್ಟಿಗೆ ಒಂದು ಸ್ಪ್ಯಾನರ್ ಇಟ್ಟೆ. ಅದು ನಟ್ಟನ್ನು ಹಿಡಿಯದೆ ಸುಮ್ಮನೆ ಸುತ್ತಿತು. ಅದಕ್ಕಿಂತ ಚಿಕ್ಕದು ಏರಲೇ ಇಲ್ಲ.

“ಅಂಚು ಸವೆದಿದೆಯಾ?” ನಂಜನ್ ದನಿ ಇಳಿದಿತ್ತು.

“ನೋಡೋಣ,” ಎಂದೆ. ಉಳಿದ ನಟ್ಟುಗಳೂ ಹಾಗೆಯೇ ಇದ್ದವು.

“ದೊರೆ ತನ್ನ ಕೈಯಾರೆ ಬಿಗಿದದ್ದು, ಸಾರ್. ಅಷ್ಟು ಸುಲಭಕ್ಕೆ ಬರುತ್ತದೆಯೇ?” ಎಂದು ಅವರೇ ಸಮಾಧಾನ ಹೇಳಿಕೊಂಡರು.

ನಾನು ಎದ್ದುಹೋಗಿ ನನ್ನ ಸ್ಕೂಟರಿನ ಡಿಕ್ಕಿ ತೆರೆದೆ. ಅದರಲ್ಲಿದ್ದ ಹತ್ತು ಮಿಲಿಮೀಟರಿನ ಸ್ಪ್ಯಾನರ್ ಎಲ್ಲ ನಟ್ಟುಗಳಿಗೂ ಸರಿಯಾಗಿ ಕೂತಿತು.